ಪಕ್ಕದ ಸೀಟಿನ ಮೇಷ್ಟ್ರು ಮತ್ತು ನಾಲ್ಕು ಸರ್ವೋ

ನಮ್ಮನೆಯವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯುವುದು. ಪಾಠಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನವರು. ನಮ್ಮ ಕಡೆಯ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಕಲಿಸಿದವರು ಇವರೇ. ಉಳಿದರ್ಧ ಜನ ಇವರ ಕಾರಿನ ಮೇಲಿದ್ದ ಕೆಂಪು ಬೋರ್ಡು ಕಂಡರೆ ಸಾಕು, ಫುಟ್‌ಪಾತ್ ಹತ್ತಿಬಿಡುತ್ತಿದ್ದರು. ಇಂಥ ಮನುಷ್ಯ ನಿವೃತ್ತರಾಗಿ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂದು ನನಗೆ ಯಾರೂ ಮೊದಲೇ ಎಚ್ಚರಿಸಿರಲಿಲ್ಲ.

ಆಗುವುದು ಇಷ್ಟೇ. ಮನೆಯೇ ಡ್ರೈವಿಂಗ್ ಸ್ಕೂಲಾಗುತ್ತದೆ. ನಾನು ಬಿಸಿ ಪಾತ್ರೆ ಹಿಡಿದು ಅಡುಗೆಮನೆಯಿಂದ ಹೊರಗೆ ಕಾಲಿಟ್ಟರೆ, "ತಿರುವಲ್ಲಿ ನಿಧಾನ!" ಎಂದು ಕೂಗು. ಫ್ರಿಜ್ಜಿನ ಬಾಗಿಲು ತೆಗೆದರೆ, "ಹಿಂದೆ ಯಾರಿದಾರೆ ನೋಡ್ಕೊಂಡು ತೆಗಿಯೇ." ನಮ್ಮ ಅತ್ತೆಗೆ ತೊಂಬತ್ತು ಹತ್ತಿರವಾಯಿತು, ವಾಕರ್ ಹಿಡಿದು ನಡೆಯುತ್ತಾರೆ. ಅವರ ಬೆನ್ನ ಹಿಂದೆಯೇ ಇವರು: "ಅಮ್ಮಾ, ಎಡಕ್ಕೆ. ಇನ್ನೂ ಎಡಕ್ಕೆ. ಹಾಂ, ಈಗ ನೇರ ಮಾಡು." ಒಂದು ದಿನ ಅತ್ತೆ ವಾಕರ್ ಎತ್ತಿ ಸೀದಾ ಇವರ ಕಾಲಿನ ಮೇಲೇ ಊರಿದರು. "ಬ್ರೇಕ್ ಹಾಕ್ದೆ ಕಣೋ," ಎಂದರು.

ಹಾಗಾಗಿ, ಹಳೆಯ ಶಿಷ್ಯರು ಬೀಳ್ಕೊಡುಗೆಯ ದಿನ ಕೊಟ್ಟಿದ್ದ ರೇಡಿಯೋ ಕಂಟ್ರೋಲ್ ಕಾರನ್ನು ಇವರು ಡಬ್ಬದಿಂದ ಹೊರತೆಗೆದಾಗ ನನಗೆ ಹೋದ ಜೀವ ಬಂದಂತಾಯಿತು. ಮೊಳದುದ್ದದ ಟೂರಿಂಗ್ ಕಾರು, ಥೇಟ್ ರಸ್ತೆಯ ಕಾರಿನ ಹಾಗೇ. ಅದನ್ನು ಓಡಿಸಲು ಪಿಸ್ತೂಲಿನಂತೆ ಹಿಡಿಯುವ ಒಂದು ರಿಮೋಟು. ಅದರ ಬದಿಯ ಪುಟ್ಟ ಚಕ್ರ ತಿರುಗಿಸಿದರೆ ಕಾರು ತಿರುಗುತ್ತದೆ, ಬೆರಳಿಗೆ ಸಿಗುವ ಟ್ರಿಗರ್ ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಧಾನವಾಗುತ್ತದೆ. ಮುಚ್ಚಿಹೋದ ಒಂದು ಮೇಜುಕುರ್ಚಿ ಗೋದಾಮಿನಲ್ಲಿ ಕಾರ್ಪೆಟ್ ಹಾಸಿ, ಸುತ್ತ ಹಲಗೆ ನಿಲ್ಲಿಸಿ, ಇಂಥ ಕಾರುಗಳ ಕ್ಲಬ್ಬೊಂದು ರೇಸು ನಡೆಸುತ್ತಿತ್ತು. ಇವರು ಭಾನುವಾರ ಬೆಳಿಗ್ಗೆ ಹೋದರೆ ಮಧ್ಯಾಹ್ನದವರೆಗೆ ಮನೆ ತಣ್ಣಗೆ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದವಳು, ಇಡೀ ಆಯುಷ್ಯ ಕಂಡವರ ಮಾತನ್ನು ಕಿವಿಗೆ ತುಂಬಿಕೊಂಡವಳು. ಆ ಮೌನದ ರುಚಿ ನನಗೇ ಗೊತ್ತು.

ಆದರೆ ಇವರ ಕಾರು ಹೋದಾಗಲೆಲ್ಲ ಗೋಡೆಗೆ ಹೊಡೆಯುತ್ತಿತ್ತು. ಬೇರೆ ಬೇರೆ ಗೋಡೆಗೂ ಅಲ್ಲ. ಉದ್ದನೆಯ ದಾರಿ ಮುಗಿದು ಎಡಕ್ಕೆ ತಿರುಗುವಲ್ಲಿರುವ ಅದೇ ಹಲಗೆಗೆ, ಅದೇ ಜಾಗಕ್ಕೆ. ಅಲ್ಲಿ ಇವರ ಕಾರಿನ ನೀಲಿ ಬಣ್ಣ ಮೆತ್ತಿಕೊಂಡು, ಕ್ಲಬ್ಬಿನ ಹುಡುಗರು ಅದಕ್ಕೆ 'ಮೇಷ್ಟ್ರ ಸ್ಟಾಪು' ಎಂದು ಹೆಸರಿಟ್ಟಿದ್ದರು.

ಬರೀ ನಗೆಪಾಟಲಾಗಿದ್ದರೆ ಬಿಡಿ ಎನ್ನಬಹುದಿತ್ತು. ಕ್ಲಬ್ಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಓಡಿಸುವವರು ನಿಲ್ಲುವ ಮರದ ಅಟ್ಟಣೆಯಲ್ಲಿ ಇದ್ದದ್ದು ಕೆಲವೇ ಜಾಗ, ಸೇರಬೇಕೆಂದು ಹೊರಗೆ ಕಾಯುವವರು ಬಹಳ. ಹಾಗಾಗಿ ಆ ವರ್ಷದ ಲೆಕ್ಕದಲ್ಲಿ ಎಲ್ಲರಿಗಿಂತ ಕೊನೆಗೆ ಬಂದವರು ತಮ್ಮ ಜಾಗ ಬಿಟ್ಟು ಇಳಿಯಬೇಕು. ಅಟ್ಟಣೆಯ ಕಂಬಿಗೆ ಅಂಟಿಸಿದ ಅವರ ಹೆಸರಿನ ಪಟ್ಟಿ ಕಿತ್ತು ಬೇರೆಯವರದು ಅಂಟಿಸುತ್ತಾರೆ. ಇವರು ಕೊನೆಯಲ್ಲಿದ್ದರು. ಇವರಿಗಿಂತ ಕೂದಲೆಳೆ ಮೇಲಿದ್ದವನು ನಮ್ಮ ಬೀದಿಯ ಹಲ್ಲಿನ ಡಾಕ್ಟರು, ಇವರ ಹತ್ತಿರವೇ ಕಾರು ಕಲಿತವನು. ಕಲಿಯುವಾಗ ಇವರ ಕೈಯಲ್ಲಿ ದಿನಾ ಬೈಸಿಕೊಂಡಿದ್ದವನು ಈಗ ಪಕ್ಕದಲ್ಲೇ ನಿಂತು, "ಪರವಾಗಿಲ್ಲ ಸರ್, ಪ್ರಾಕ್ಟೀಸ್ ಮಾಡಿ, ಬರುತ್ತೆ," ಎನ್ನುತ್ತಿದ್ದನಂತೆ. ಆ ಮಾತು ಇವರ ಎದೆಗೆ ನಾಟಿತ್ತು.

"ತಪ್ಪು ನಂದಲ್ಲ ಕಣೇ," ಎಂದರು ಒಂದು ರಾತ್ರಿ ಊಟಕ್ಕೆ ಕೂತಾಗ. "ಸರ್ವೋದು."

"ಯಾರ್ರೀ ಅವನು?"

ಯಾರೂ ಅಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ. ಕಾರಿನ ಮುಂಭಾಗದಲ್ಲಿ ಕೂತು, ರಿಮೋಟಿನ ಮಾತು ಕೇಳಿ, ಮುಂದಿನ ಚಕ್ರಗಳನ್ನು ಎಡಕ್ಕೆ ಬಲಕ್ಕೆ ಎಳೆಯುವುದು ಅದರ ಕೆಲಸ. ಒಳಗೆ ಪುಟ್ಟ ಮೋಟಾರು, ಅದಕ್ಕಿಂತ ಪುಟ್ಟ ಹಲ್ಲಿನ ಚಕ್ರಗಳು. ಇವರ ಪ್ರಕಾರ ಕಾರಿನ ಜೊತೆ ಬಂದಿದ್ದ ಸರ್ವೋ ಸೋಮಾರಿ. ಇವರು ತಿರುಗಿಸಿದ ಮೇಲೆ ಅದು ಯೋಚನೆ ಮಾಡಿ, ಮೈ ಮುರಿದು, ಆಮೇಲೆ ತಿರುಗುತ್ತದೆ. ಅಷ್ಟರಲ್ಲಿ ಗೋಡೆ ಬಂದಿರುತ್ತದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಇಂಥ ಪುಟ್ಟ ಕಾರುಗಳ ಬಿಡಿಭಾಗ ಮಾರುವ ಅಂಗಡಿಯವನೇ ಕ್ಲಬ್ಬಿನ ಕಾರ್ಯದರ್ಶಿ ಕೂಡ. ಇವರು ದಿನಾ ಅವನ ಕಟ್ಟೆ ಹತ್ತಿ ಕೂತರು. ಅವನು ಎರಡೇ ಮಾತು ಹೇಳಿದ: ಸರ್ವೋದಲ್ಲಿ ನೋಡಬೇಕಾದ್ದು ವೇಗ ಮತ್ತು ಶಕ್ತಿ. ಎಷ್ಟು ಬೇಗ ತಿರುಗುತ್ತದೆ, ತಿರುಗಿದ ಮೇಲೆ ಚಕ್ರವನ್ನು ಎಷ್ಟು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಇವರು ಮನೆಗೆ ಬಂದು ಅದನ್ನೇ ಇನ್ನೂರು ಮಾತಿನಲ್ಲಿ ನನಗೂ ಅತ್ತೆಗೂ ಹೇಳಿದರು. ಅತ್ತೆ ಕಿವಿಯ ಮಷೀನು ತೆಗೆದು ಮೇಜಿನ ಮೇಲಿಟ್ಟುಬಿಟ್ಟರು. ನನಗೆ ಆ ಅನುಕೂಲ ಇರಲಿಲ್ಲ.

ಎರಡನೆಯ ಸರ್ವೋ ಬಂತು. ಮಿಂಚಿನ ವೇಗದ್ದು. ಚಕ್ರ ಟಕ್ಕೆಂದು ತಿರುಗುತ್ತಿತ್ತು, ಆದರೆ ರಟ್ಟೆಯಲ್ಲಿ ಬಲವಿಲ್ಲ. ಕಾರ್ಪೆಟ್ಟಿನ ಹಿಡಿತಕ್ಕೆ ಸಿಕ್ಕ ಚಕ್ರವನ್ನು ಹಿಡಿದಿಟ್ಟುಕೊಳ್ಳಲಾರದೆ ಬಿಟ್ಟುಬಿಟ್ಟಿತು. ಅದೇ ಗೋಡೆ. ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಪುಡಿ ಪುಡಿ. "ಹಲ್ಲು ಉದುರಿದ್ರೆ ನನ್ನ ಹತ್ರ ಬನ್ನಿ ಸರ್," ಎಂದನಂತೆ ಆ ಡಾಕ್ಟರು. ಇವರು ಎರಡು ದಿನ ಅನ್ನ ಸರಿಯಾಗಿ ತಿನ್ನಲಿಲ್ಲ.

ಮೂರನೆಯದು ಲೋಹದ ಹಲ್ಲಿನದು, ಪೈಲ್ವಾನನಂಥ ಶಕ್ತಿ, ಆದರೆ ನಡೆ ನಿಧಾನ. ಈ ಸಲ ಗೋಡೆಗೆ ಹೊಡೆದಾಗ ಸರ್ವೋ ಗಟ್ಟಿಯಾಗಿ ಉಳಿಯಿತು, ಚಕ್ರ ಹಿಡಿದಿದ್ದ ತೋಳು ಮುರಿಯಿತು. "ಇದು ಕಾರಿಗಲ್ಲ, ಲಾರಿಗೆ ಹಾಕೋದು," ಎಂದು ಇವರು ಅದನ್ನು ಡ್ರಾಯರಿಗೆ ಎಸೆದರು. ನಾಲ್ಕನೆಯದು ವೇಗವೂ ಇದ್ದು ಶಕ್ತಿಯೂ ಇದ್ದದ್ದು, ಅಂಗಡಿಯವನು ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದದ್ದು. ಅದರ ಬೆಲೆ ಇವರು ನನಗೆ ಹೇಳಲಿಲ್ಲ, ನಾನು ಅತ್ತೆಗೆ ಹೇಳಲಿಲ್ಲ. ಅದನ್ನು ಹಾಕಿದ ಭಾನುವಾರ ಇವರು ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಹಾಲಿನಲ್ಲಿ ಕೂತರು.

"ಮತ್ತೆ ಗೋಡೆನಾ?" ಎಂದೆ.

ಇವರು ಹೌದೆಂದು ತಲೆಯಾಡಿಸಿದರು. "ಇನ್ನು ಒಂದೇ ರೇಸು ಉಳಿದಿರೋದು. ಆ ಡಾಕ್ಟರಿಗಿಂತ ಮುಂದೆ ಬಂದ್ರೆ ನನ್ನ ಜಾಗ ಉಳಿಯುತ್ತೆ. ಇಲ್ಲಾಂದ್ರೆ ಮುಗೀತು."

"ಮುಗಿದ್ರೆ ಮುಗೀಲಿ ಬಿಡ್ರೀ. ಆಟದ ಕಾರು."

"ನಿಂಗೇನು ಗೊತ್ತು," ಎಂದರು. "ಅಲ್ಲಿ ಹೋದ್ರೆ 'ಮೇಷ್ಟ್ರು ಬಂದ್ರು' ಅಂತಾರೆ. ಬೇರೆ ಎಲ್ಲಿ ಅಂತಾರೆ ಈಗ?"

ಮನೆಯಲ್ಲಿ ಇವರ ಮಾತು ಯಾರೂ ಕೇಳುವುದಿಲ್ಲ ಎನ್ನುವುದು ನಿಜವೇ. ಕೇಳಿದರೆ ಬದುಕುವುದು ಹೇಗೆ ಎನ್ನುವುದೂ ನಿಜ.

ಅಷ್ಟರಲ್ಲಿ ಅತ್ತೆ ಮಷೀನು ಕಿವಿಗೆ ಸಿಕ್ಕಿಸಿಕೊಂಡು, "ಏನಂತೆ?" ಎಂದರು. ಹೇಳಿದೆ. ಅವರು ನಕ್ಕುಬಿಟ್ಟರು.

"ಇವನಾ? ಇವನು ಕಾರು ಓಡಿಸಿದ್ದು ಯಾವಾಗ? ನಾನಂತೂ ನೋಡಿಲ್ಲಪ್ಪ. ಯಾವಾಗ ನೋಡಿದ್ರೂ ಪಕ್ಕದ ಸೀಟಲ್ಲೇ ಕೂತಿರ್ತಿದ್ದ."

ಯೋಚಿಸಿದರೆ ಹೌದಲ್ಲ! ನಮಗೆ ಸ್ವಂತ ಕಾರು ಇರಲೇ ಇಲ್ಲ. ಎಲ್ಲಿಗೆ ಹೋದರೂ ಸ್ಕೂಲಿನ ಕಾರು, ಓಡಿಸುವವನು ಯಾರೋ ಶಿಷ್ಯ. ಮದುವೆ ಮುಗಿಸಿ ನಾನು ಈ ಮನೆಗೆ ಬಂದದ್ದೂ ಹಾಗೆಯೇ. ಇವರು ನನ್ನ ಪಕ್ಕ ಕೂರದೆ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಆ ಶಿಷ್ಯನಿಗೆ ಪಾಠ ಹೇಳಿದ್ದರು. ಮೂರು ಕಡೆ ಎಂಜಿನ್ ಆಫ್ ಆಗಿತ್ತು. ಮದುಮಗಳು ಹಿಂದೆ ಒಬ್ಬಳೇ, ತೊಡೆಯ ಮೇಲೆ ಟ್ರಂಕು.

ಮುಂದಿನ ಅಭ್ಯಾಸದ ದಿನ ನಾನೇ ಗೋದಾಮಿಗೆ ಹೋದೆ. ಎಲ್ಲರೂ ಕಾರು ನೋಡುತ್ತಿದ್ದರೆ ನಾನು ಅಟ್ಟಣೆಯ ಕೆಳಗೆ ನಿಂತು ಇವರ ಮುಖ ನೋಡಿದೆ. ತಿರುವು ಇನ್ನೂ ದೂರ ಇರುವಾಗಲೇ ಇವರ ತುಟಿ ಅಲುಗಾಡಿತು. "ಮುಂದೆ ಎಡ ಇದೆ... ನಿಧಾನ ಮಾಡಿ... ಹಾಂ, ಈಗ ಎಡಕ್ಕೆ ತಿರುಗಿಸಿ." ಮಾತು ಮುಗಿದ ಮೇಲೆ ಒಂದು ಕ್ಷಣ ಮರ್ಯಾದೆಯಿಂದ ಕಾದರು, ಪಕ್ಕದಲ್ಲಿ ಯಾರೋ ತಿರುಗಿಸಲಿ ಎಂದು. ಯಾರೂ ತಿರುಗಿಸಲಿಲ್ಲ. ಬಲಗಾಲು ಧಡ್ಡೆಂದು ಅಟ್ಟಣೆಯ ಹಲಗೆ ಒದೆಯಿತು, ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿ ಇದ್ದ, ಇಲ್ಲಿ ಇಲ್ಲದ ಬ್ರೇಕನ್ನು. ಆಮೇಲೆ ಕೈ ತಿರುಗಿತು. ಗೋಡೆ.

"ಸರ್, ಕಾಲು ಒದೀಬೇಡಿ, ಇಡೀ ಅಟ್ಟ ಅಲ್ಲಾಡುತ್ತೆ," ಎಂದು ಹಲ್ಲಿನ ಡಾಕ್ಟರು ಗೊಣಗಿದ.

ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ನಾಲ್ಕು ಸರ್ವೋ ಹಾಕಿ ನೋಡಿದರು ಮಹಾರಾಯರು, ಸೋಮಾರಿ ಮಾತ್ರ ಕಾರಿನೊಳಗೆ ಇರಲೇ ಇಲ್ಲ!

ಮನೆಗೆ ಬಂದು ಹೇಳಿದರೆ ಒಪ್ಪುತ್ತಾರೆಯೇ? "ಹುಚ್ಚುಚ್ಚಾಗಿ ಮಾತಾಡ್ಬೇಡ. ನಾನು ಬಾಯೇ ಬಿಡಲ್ಲ," ಎಂದರು. ಸರಿ, ಹಾಲಿನಿಂದ ಬಚ್ಚಲಮನೆಯವರೆಗಿನ ಪ್ಯಾಸೇಜಿನಲ್ಲಿ ಪರೀಕ್ಷೆ ಇಟ್ಟೆ. ಒಂದು ಲೋಟ ನೀರು ಕೊಟ್ಟು, "ಬಾಯಲ್ಲಿ ತುಂಬ್ಕೊಳ್ಳಿ. ನುಂಗೋ ಹಾಗಿಲ್ಲ, ಉಗಿಯೋ ಹಾಗಿಲ್ಲ. ಈಗ ಓಡಿಸಿ," ಎಂದೆ. ಅತ್ತೆ ಕುರ್ಚಿ ಎಳೆಸಿಕೊಂಡು ಕೂತರು.

ಕಾರು ಹೊರಟಿತು. ಬಚ್ಚಲಮನೆಯ ತಿರುವು ಹತ್ತಿರ ಬಂತು. ಇವರ ಕೆನ್ನೆ ಊದಿದೆ, ಕಣ್ಣು ಹೊರಗೆ ಬಂದಿದೆ, ಗಂಟಲಲ್ಲಿ "ಉಂ, ಉಂ" ಎಂದು ಸದ್ದು. ಕೈ ಮಾತ್ರ ಅಲ್ಲಾಡಲಿಲ್ಲ. ಬಾಯಿ ಕಟ್ಟಿದರೆ ಕೈಯೇ ಏಳದು ಆ ಮನುಷ್ಯನಿಗೆ! ಕಾರು ನೇರ ಹೋಗಿ ಬಕೆಟ್ಟಿಗೆ ಹೊಡೆಯಿತು. ಇವರ ಬಾಯಿಯ ನೀರೆಲ್ಲ ಅತ್ತೆಯ ಮಡಿಲಿಗೆ ಬಿತ್ತು. ಅತ್ತೆ ಬೈಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇವರು ಗೋಡೆಗೊರಗಿ ನೆಲದ ಮೇಲೇ ಕೂತರು. "ಹಾಗಾದ್ರೆ ಇಷ್ಟು ವರ್ಷ ನನಗೆ ಡ್ರೈವಿಂಗೇ ಬರ್ತಿರ್ಲಿಲ್ವಾ?" ಎಂದರು. ಆ ಧ್ವನಿ ಕೇಳಿ ನನ್ನ ನಗು ನಿಂತುಹೋಯಿತು.

"ಬರುತ್ತೆ ಕಣೋ. ಬಾಯಲ್ಲಿ ಬರುತ್ತೆ," ಎಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತ. "ರಿಮೋಟು ಅವಳ ಕೈಗೆ ಕೊಡು. ನೀನು ಪಕ್ಕ ನಿಂತು ಹೇಳು."

ನಾನು ಬೆಚ್ಚಿಬಿದ್ದೆ. ಮದುವೆಯಾದ ಹೊಸದರಲ್ಲಿ ಇವರು ಒಂದೇ ಒಂದು ದಿನ ನನಗೆ ಕಾರು ಕಲಿಸಿದ್ದರು. ನಡುಬೀದಿಯಲ್ಲಿ, "ನಿನ್ನ ಕೈಗೂ ಕಾಲಿಗೂ ಸಂಬಂಧನೇ ಇಲ್ವಲ್ಲೇ!" ಎಂದು ಕಿರುಚಿದ್ದಕ್ಕೆ ನಾನು ಬಾಗಿಲು ತೆಗೆದು ಇಳಿದು, ಮನೆಗೆ ನಡೆದೇ ಬಂದಿದ್ದೆ. ಅಂದಿನಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಇವರಿಗೂ ಅದು ನೆನಪಿತ್ತು ಎಂದು ಮುಖ ನೋಡಿದರೆ ತಿಳಿಯಿತು.

"ಕಿರುಚೋ ಹಾಗಿಲ್ಲ," ಎಂದೆ.

"ಇಲ್ಲ."

"ದಡ್ಡಿ ಅನ್ನೋ ಹಾಗಿಲ್ಲ. ಬೇರೆಯವರಿಗೆ ಎಷ್ಟು ಮರ್ಯಾದೆಯಿಂದ ಹೇಳ್ತೀರೋ ನನಗೂ ಹಾಗೇ ಹೇಳ್ಬೇಕು."

ಇವರು ಗಂಟಲು ಸರಿಮಾಡಿಕೊಂಡರು. "ಸರಿ. ನೇರ ಕೂತ್ಕೊಳ್ಳಿ ಮೇಡಂ," ಎಂದರು. ಅತ್ತೆಗೆ ಮತ್ತೆ ನಗು ಉಕ್ಕಿತು.

ಇವರ ಬದಲು ನಾನು ಓಡಿಸಬಹುದೇ ಎಂದು ಅಂಗಡಿಯವನನ್ನು ಕೇಳಿದೆವು. ಅವನು ತಲೆ ಕೆರೆದುಕೊಂಡು, "ನಮ್ಮ ಲೆಕ್ಕ ಇರೋದು ಕಾರಿಂದು. ಕಾರು ಅದೇ ಆಗಿರ್ಬೇಕು ಅಷ್ಟೇ. ಪಕ್ಕದಲ್ಲಿ ಒಬ್ರು ನಿಂತು ದಾರಿ ಹೇಳ್ಬಹುದು, ದೊಡ್ಡ ರೇಸಲ್ಲೂ ಹೇಳ್ತಾರೆ. ಹೆಂಡ್ತಿ ಓಡಿಸಿ ಗಂಡ ಹೇಳೋದು ಮಾತ್ರ ಇದೇ ಮೊದಲು," ಎಂದ. ಅಭ್ಯಾಸಕ್ಕೆ ಗೋದಾಮಿನ ಬೀಗದ ಕೈಯನ್ನೂ ಕೊಟ್ಟ.

ಮೊದಲ ಸುತ್ತಿನಲ್ಲೇ ಹೊಸ ಪಜೀತಿ. ಇವರು ಅಭ್ಯಾಸಬಲದಂತೆ ತಿರುವು ದೂರ ಇರುವಾಗಲೇ ಹೇಳಲು ಶುರುಮಾಡುತ್ತಾರೆ. ನಾನೋ ಎಕ್ಸ್‌ಚೇಂಜಿನವಳು. ಆಚೆಯವರು ಅರ್ಧ ಮಾತಾಡುವಷ್ಟರಲ್ಲಿ ನನ್ನ ಕೈ ವಯರು ಚುಚ್ಚಿ ಆಗಿರುತ್ತಿತ್ತು. ಇವರು "ಎಡ" ಎನ್ನುವ ಮೊದಲೇ ನನ್ನ ಕೈ ತಿರುಗಿತು. ಆ ನಾಲ್ಕನೆಯ ಸರ್ವೋ ನನಗಿಂತ ಆತುರಗೇಡಿ. ಕಾರು ತಿರುವಿಗೆ ಮೊದಲೇ ತಿರುಗಿ ಒಳಗಿನ ಹಲಗೆಗೆ ಹೊಡೆಯಿತು. ಇಷ್ಟು ದಿನ ಹೊರಗಿನ ಗೋಡೆ, ಈಗ ಒಳಗಿನದು.

"ನಿನ್ನ ಕೈಗೂ..." ಎಂದು ಶುರುಮಾಡಿದವರು ನನ್ನ ಮುಖ ನೋಡಿ ನುಂಗಿಕೊಂಡರು. "ಸ್ವಲ್ಪ ಬೇಗ ಆಯ್ತು ಮೇಡಂ."

ನಾನು ಚೀಲದಿಂದ ಉಳಿದ ಸರ್ವೋಗಳನ್ನೆಲ್ಲ ಸುರಿದೆ. ಹಲ್ಲು ಉದುರಿದ ಎರಡನೆಯದು ಕಸಕ್ಕೆ. ಕಾರಿನ ಜೊತೆ ಬಂದ ಮೊದಲನೆಯದನ್ನು ಹಾಕಿ ನೋಡಿದರೆ, ತಿರುವಿನ ನಡುವೆ ಕೈ ಸೋತು ಚಕ್ರ ಬಿಟ್ಟಿತು. ಉಳಿದದ್ದು ಆ ಲಾರಿಯದು.

"ಅದು ಬೇಡ. ಅದು ನಿಧಾನ," ಎಂದರು ಇವರು.

"ನೀವು ಮೊದ್ಲೇ ಹೇಳ್ತೀರ. ನಾನು ಮೊದ್ಲೇ ತಿರುಗಿಸ್ತೀನಿ. ನಮ್ಮಿಬ್ಬರ ಆತುರಾನೂ ತಡ್ಕೊಳ್ಳೋ ಒಬ್ರು ಮಧ್ಯದಲ್ಲಿ ಬೇಡ್ವಾ?"

ಸ್ಕ್ರೂ ಬಿಚ್ಚಿ ಹಾಕಿದೆವು. ಇವರು ಹೇಳಿದರು, ನಾನು ತಿರುಗಿಸಿದೆ, ಪೈಲ್ವಾನ ಸಾವಕಾಶವಾಗಿ ಚಕ್ರ ಎಳೆದು ಗಟ್ಟಿಯಾಗಿ ಹಿಡಿದುಕೊಂಡ. ಕಾರು ಆ ತಿರುವನ್ನು ಎಷ್ಟು ಚೆನ್ನಾಗಿ ದಾಟಿತೆಂದರೆ, ನಾವಿಬ್ಬರೂ ಮುಂದಿನ ತಿರುವು ಮರೆತು ಒಬ್ಬರನ್ನೊಬ್ಬರು ನೋಡಿದೆವು. ಅದು ಹೋಗಿ ಎಲ್ಲಿಗೋ ಹೊಡೆಯಿತು. ಇಬ್ಬರೂ ಅದರ ಕಡೆ ತಿರುಗಲೂ ಇಲ್ಲ.

ಕೊನೆಯ ರೇಸಿನ ದಿನ ನಾನು ಅಟ್ಟಣೆ ಹತ್ತಿದಾಗ ಹುಡುಗರು ಕಿಸಕ್ಕೆಂದರು. "ಲಾರಿ ಸರ್ವೋ ಅಂತೆ!" ಎಂದು ಯಾರೋ ಪಿಸುಗುಟ್ಟಿದರು. ಇವರು ನನ್ನ ಪಕ್ಕ ಬಂದು ನಿಂತು, "ಯಾರ ಮಾತೂ ಕೇಳ್ಬೇಡಿ. ನನ್ನ ಮಾತು ಮಾತ್ರ ಕೇಳಿ," ಎಂದರು. ಕಂಬಿಯ ಮೇಲಿದ್ದ ತಮ್ಮ ಹೆಸರಿನ ಪಟ್ಟಿಯನ್ನೇ ಆಗಾಗ ನೋಡುತ್ತಿದ್ದರು.

ಓಟ ಶುರುವಾಯಿತು. ವೇಗದವರೆಲ್ಲ ಬುರ್ರೆಂದು ಮುಂದೆ ಹೋದರು. ನಮ್ಮದು ಎಲ್ಲರಿಗಿಂತ ಹಿಂದೆ, ಆದರೆ ಮೇಷ್ಟ್ರ ಸ್ಟಾಪಿನಲ್ಲಿ ನಿಲ್ಲದೆ ಹೋಗುತ್ತಿತ್ತು. ನಮ್ಮ ಮುಂದೆಯೇ ಹಲ್ಲಿನ ಡಾಕ್ಟರ ಹಳದಿ ಕಾರು. ಇವರ ಧ್ವನಿ ನನ್ನ ಕಿವಿಯಲ್ಲಿ ಮೆಲ್ಲಗೆ, ಬಿಡದೆ: "ನೇರ ಇರಲಿ. ಚೆನ್ನಾಗಿದೆ. ಮುಂದೆ ಬಲ. ಭಯ ಬೇಡ, ಜಾಗ ಇದೆ." ಇಷ್ಟು ವರ್ಷ ಜೊತೆಗಿದ್ದೂ ನಾನು ಕೇಳದ ಧ್ವನಿ ಅದು. ಹೆದರಿದವರಿಗೆ ಧೈರ್ಯ ಕೊಡುವ ಧ್ವನಿ. ಊರವರಿಗೆಲ್ಲ ಹಂಚಿ ಮನೆಗೆ ಬರುವಷ್ಟರಲ್ಲಿ ಖಾಲಿಯಾಗಿರುತ್ತಿತ್ತೇನೋ. ನನಗೆ ಹೊಟ್ಟೆಕಿಚ್ಚೇ ಆಯಿತು.

ಕೊನೆಯ ಸುತ್ತು. ಡಾಕ್ಟರು ಇನ್ನೂ ಮುಂದೆಯೇ. ಉದ್ದನೆಯ ದಾರಿಯಲ್ಲಿ ನಾನು ಟ್ರಿಗರ್ ಪೂರ್ತಿ ಒತ್ತಿದ್ದೆ. ಅಷ್ಟರಲ್ಲಿ ಆ ಎಡ ತಿರುವಿನಲ್ಲಿ ಯಾರದೋ ಕಾರು ಉರುಳಿ ಅಂಗಾತ ಬಿತ್ತು. ನಾನು ನೋಡಿರಲಿಲ್ಲ. ಇವರು ನೋಡಿದರು. ಬಾಯಿಂದ ಮಾತು ಬರುವುದಕ್ಕೆ ಮೊದಲೇ ಇವರ ಬಲಗಾಲು ಬ್ರೇಕ್ ಒತ್ತಿತು.

ಈ ಸಲ ಬ್ರೇಕು ಇತ್ತು. ನನ್ನ ಎಡಗಾಲಿನ ಹೆಬ್ಬೆರಳು.

"ಅಯ್ಯಯ್ಯೋ, ಸತ್ತೇ!" ಎಂದು ನಾನು ಚೀರಿದ್ದಕ್ಕೆ ಗೋದಾಮಿನ ತಗಡೆಲ್ಲ ಅದುರಿತು. ಬೆರಳು ಟ್ರಿಗರ್ ಬಿಟ್ಟಿತು. ಕಾರು ತಕ್ಷಣ ನಿಧಾನವಾಯಿತು. ಡಾಕ್ಟರ ಹಳದಿ ಕಾರು ಪೂರ್ತಿ ವೇಗದಲ್ಲಿ ಹೋಗಿ, ಬಿದ್ದಿದ್ದ ಕಾರಿಗೆ ಗುದ್ದಿ ತಾನೂ ಮಗುಚಿತು. "ಎಡಕ್ಕೆ. ಒಳಗಡೆಯಿಂದ. ಹೋಗಿ, ಹೋಗಿ, ಹೋಗಿ!" ಎಂದರು ಇವರು. ಕಣ್ಣಲ್ಲಿ ನೀರು ತುಂಬಿ ನನಗೆ ಏನೂ ಕಾಣುತ್ತಿರಲಿಲ್ಲ. ಇವರು ಹೇಳಿದ ಹಾಗೆ ತಿರುಗಿಸಿದೆ. ಪೈಲ್ವಾನ ಹಿಡಿದುಕೊಂಡ. ಗೆರೆ ದಾಟಿದೆವು.

ನಮ್ಮ ಹಿಂದೆ ಒಂದೆರಡು ಕಾರು ಮಾತ್ರ ಇದ್ದವು. ಆದರೆ ಇವರು ಎರಡೂ ಕೈ ಮೇಲೆತ್ತಿ ಕುಣಿದದ್ದು ನೋಡಿ, ಗೆದ್ದವನೇ ತಾನು ಗೆದ್ದದ್ದು ಹೌದೋ ಅಲ್ಲವೋ ಎಂದು ಬೋರ್ಡು ನೋಡಿಕೊಂಡ.

ಅಂಗಡಿಯವನು ಹೊಸ ಪಟ್ಟಿ, ಪೆನ್ನು ಹಿಡಿದು ಅಟ್ಟಣೆ ಹತ್ತಿದ. "ಮೇಷ್ಟ್ರೇ, ಜಾಗ ನಿಮ್ದೇ. ಹಳೇ ಪಟ್ಟಿ ಮಾಸಿದೆ, ಹೆಸರು ಮತ್ತೆ ಬರೀಲಾ?"

ಇವರು ತಮ್ಮ ಹೆಸರಿನ ಪಟ್ಟಿಯನ್ನು ಉಗುರಿನಿಂದ ಮೆಲ್ಲಗೆ ತಾವೇ ಕಿತ್ತರು. "ಇವರ ಹೆಸರು ಬರಿ," ಎಂದರು ನನ್ನ ಕಡೆ ತೋರಿಸಿ. "ಓಡಿಸಿದ್ದು ಇವರು." ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಹೆಬ್ಬೆರಳಿನ ನೋವಿಗೆ ಎಂದು ಎಲ್ಲರಿಗೂ ಹೇಳಿದೆ.

ಕೆಳಗೆ ಹಲ್ಲಿನ ಡಾಕ್ಟರು ಮುರಿದ ಕಾರು ಎದೆಗವಚಿಕೊಂಡು ನಿಂತಿದ್ದ. ಜಾಗ ಹೋದದ್ದು ಅವನದು. "ಸರ್," ಎಂದ, ಹಳೆಯ ಶಿಷ್ಯನ ಧ್ವನಿಯಲ್ಲಿ. "ಮುಂದಿನ ವರ್ಷ ವಾಪಸ್ ಹತ್ತಬೇಕು ನಾನು. ನನ್ನ ಪಕ್ಕಾನೂ ನಿಂತು ಹೇಳ್ಕೊಡ್ತೀರಾ?"

"ಮೊದ್ಲು ನೇರ ನಿಂತ್ಕೊಳ್ಳಿ," ಎಂದರು ಇವರು.

ಮನೆಯಲ್ಲಿ ಅತ್ತೆ ಬಾಗಿಲ ಹತ್ತಿರವೇ ವಾಕರ್ ಹಿಡಿದು ಕಾದಿದ್ದರು. "ಯಾರು ಓಡಿಸಿದ್ದು?" ಎಂದರು.

"ಇವಳೇ ಅಮ್ಮ."

"ನೀನು?"

"ನಾನು ಪಕ್ಕದಲ್ಲಿದ್ದೆ."

ಅತ್ತೆ ತಲೆದೂಗಿದರು. "ಹಂ. ಹಾಗಿದ್ರೆ ನಿನ್ನ ಕೆಲಸ ನೀನು ಮಾಡ್ದೆ ಬಿಡು," ಎಂದು, ವಾಕರ್ ಎತ್ತಿ ಎಡಕ್ಕೆ ತಿರುಗಿದರು. ಇವರು ಒಂದು ಮಾತೂ ಹೇಳಲಿಲ್ಲ. ಅತ್ತೆ ಎರಡು ಹೆಜ್ಜೆ ಹೋಗಿ ನಿಂತು, "ಯಾಕೋ, ಹೇಳಲ್ವಾ ಇವತ್ತು?" ಎಂದರು.

"ನೇರ ಮಾಡಮ್ಮ," ಎಂದರು ಇವರು, ಅಟ್ಟಣೆಯ ಮೇಲೆ ನಾನು ಕೇಳಿದ ಅದೇ ಧ್ವನಿಯಲ್ಲಿ. "ಭಯ ಬೇಡ. ಜಾಗ ಇದೆ."

ನಾನು ಹೆಬ್ಬೆರಳಿಗೆ ಐಸು ಕಟ್ಟಿಕೊಂಡು ಕೂತು, ಇವರ ಹಳೆಯ ದಪ್ಪ ಬೂಟು ಎಲ್ಲಿದೆ ಎಂದು ಕೇಳಿದೆ. ಮುಂದಿನ ಭಾನುವಾರಕ್ಕೆ ಅದು ನನ್ನ ಕಾಲಿಗೆ ಬೇಕಿತ್ತು.